ಮುಚ್ಚಬೇಕಿದ್ದ ನಾಳ ಮುಚ್ಚದೇ ಉಳಿದಾಗ: ರಾಯಚೂರಿನ ಒಂದು ನಾಯಿಮರಿಯ ಪ್ರಕರಣ

ರೋಗಿ ನಾಲ್ಕು ತಿಂಗಳ ಹೆಣ್ಣು ಪೊಮೆರೇನಿಯನ್ ಮರಿ, ಹೆಸರು ಚಿನ್ನಿ, ತೂಕ 1.8 ಕಿಲೋ. ರಾಯಚೂರಿನ ಗಂಜ್‌ನಲ್ಲಿ ಹತ್ತಿಯ ದಲಾಲಿ ಅಂಗಡಿಯೊಂದರ ಲೆಕ್ಕ ಬರೆಯುವವರ ಮನೆಯದು. ಏಪ್ರಿಲ್ ಕೊನೆಯ ವಾರದಲ್ಲಿ ಅದನ್ನು ನನ್ನ ಬಳಿಗೆ ಕರೆತಂದದ್ದು ಯಾವ ಕಾಯಿಲೆಗೂ ಅಲ್ಲ, ರೇಬೀಸ್ ಲಸಿಕೆ ಹಾಕಿಸಲು. ಲಸಿಕೆಗೆ ಮುಂಚೆ ಮರಿಯನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸುವುದು ಕ್ರಮ. ಆ ಕ್ರಮ ಪಾಲಿಸಿದ್ದರಿಂದಲೇ ಈ ಪ್ರಕರಣ ಬೆಳಕಿಗೆ ಬಂತು.

ಕೇಳುತ್ತಾ ಹೋದಂತೆ ಮನೆಯವರು ಒಂದೊಂದೇ ಹೇಳಿದರು. ಮರಿ ಚೆನ್ನಾಗಿ ತಿನ್ನುತ್ತದೆ, ಆದರೆ ಮೈ ಹಿಡಿಯುತ್ತಿಲ್ಲ. ಗೇಟಿನಿಂದ ಅಡುಗೆಮನೆಯವರೆಗೆ ಓಡಿ ಬಂದರೆ ಅಲ್ಲೇ ಕುಳಿತುಬಿಡುತ್ತದೆ. ರಾತ್ರಿ ಹೊತ್ತು ಒಣ ಕೆಮ್ಮು. ಸದಾ ಬಾಯಿ ತೆರೆದು ತೇಕುತ್ತಿರುತ್ತದೆ. ಎಲ್ಲಕ್ಕೂ ಅವರ ಬಳಿ ಒಂದೇ ಕಾರಣವಿತ್ತು: ಬಿಸಿಲು. ಅದು ತಪ್ಪು ಊಹೆಯೇನೂ ಅಲ್ಲ. ನಲವತ್ತು ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲಿ ತೇಕದ ನಾಯಿಯೇ ಇರುವುದಿಲ್ಲ. ದಟ್ಟ ತುಪ್ಪಳದ ಪೊಮೆರೇನಿಯನ್ ಅಂತೂ ಇನ್ನೂ ಹೆಚ್ಚು. ಮೊದಲೊಮ್ಮೆ ಬೇರೆಡೆ ತೋರಿಸಿದಾಗ ಉಣ್ಣೆ ಜ್ವರ ಇರಬಹುದೆಂದು ಡಾಕ್ಸಿಸೈಕ್ಲಿನ್ ಕೊಟ್ಟಿದ್ದರು. ನಮ್ಮ ಭಾಗದಲ್ಲಿ ಉಣ್ಣೆಯಿಂದ ಬರುವ ಎರ್ಲಿಕಿಯೋಸಿಸ್ ಎಷ್ಟು ಸಾಮಾನ್ಯವೆಂದರೆ, ಸೊರಗಿದ ಮರಿಯನ್ನು ಕಂಡಾಗ ಆ ಸಂಶಯ ಬರುವುದು ಸಹಜವೇ.

ಆದರೆ ಗುದದ್ವಾರದಲ್ಲಿ ಅಳೆದ ಉಷ್ಣತೆ 38.7 ಡಿಗ್ರಿ ಸೆಲ್ಸಿಯಸ್. ಅಂದರೆ ಮೈ ಕಾದಿರಲಿಲ್ಲ, ಜ್ವರವೂ ಇರಲಿಲ್ಲ. ಕೂಲರಿನ ಎದುರು ಮನೆಯ ಅಮ್ಮನ ಸೆರಗಿನಲ್ಲಿ ನಿದ್ದೆ ಹೋದ ಮೇಲೂ ಮರಿ ನಿಮಿಷಕ್ಕೆ 52 ಬಾರಿ ಉಸಿರಾಡುತ್ತಿತ್ತು. ಆರೋಗ್ಯವಂತ ನಾಯಿ ಗಾಢ ನಿದ್ದೆಯಲ್ಲಿ ನಿಮಿಷಕ್ಕೆ ಮೂವತ್ತಕ್ಕಿಂತ ಕಡಿಮೆ ಉಸಿರಾಡುತ್ತದೆ. ಬಿಸಿಲಿನ ತೇಕನ್ನೂ ಹೃದಯದ ತೇಕನ್ನೂ ಬೇರ್ಪಡಿಸಲು ಇದಕ್ಕಿಂತ ಸುಲಭವಾದ, ಕಾಸು ಖರ್ಚಿಲ್ಲದ ದಾರಿ ನನಗೆ ಗೊತ್ತಿಲ್ಲ. ತಂಪಾದ ಕೋಣೆಯಲ್ಲಿ ನಾಯಿ ಮಲಗಿದ್ದಾಗ ಅದರ ಪಕ್ಕೆ ಏರಿಳಿಯುವುದನ್ನು ಗಡಿಯಾರ ನೋಡಿಕೊಂಡು ಎಣಿಸಿದರೆ ಸಾಕು.

ಕಿವಿ ಮತ್ತು ಬೆರಳು ಹೇಳಿದ್ದು

ತೇಕುತ್ತಿರುವ ಮರಿಯ ಎದೆಯಲ್ಲಿ ಉಸಿರಿನ ಸದ್ದೇ ತುಂಬಿರುತ್ತದೆ. ಹೃದಯದ ಸದ್ದು ಅದರಡಿ ಮುಚ್ಚಿಹೋಗುತ್ತದೆ. ಆದ್ದರಿಂದ ಮರಿಯ ಮೂತಿಯನ್ನು ಕೆಲವು ಕ್ಷಣ ಮೆಲ್ಲಗೆ ಮುಚ್ಚಿ ಹಿಡಿಯಲು ಆ ಮನೆಯ ಮಗಳಿಗೆ ಹೇಳಿ, ಮಕ್ಕಳ ಸ್ಟೆತೊಸ್ಕೋಪ್ ಇಟ್ಟೆ. ಎಡ ಮೊಣಕೈಯ ಹಿಂದೆ, ಸಾಮಾನ್ಯವಾಗಿ ಎಲ್ಲರೂ ಇಡುವ ಜಾಗದಲ್ಲಿ, ಸಾಧಾರಣವಾದ ಒಂದು ಮರ್ಮರ, ಅಂದರೆ ಬಡಿತದ ಜೊತೆ ಸೇರಿ ಬರುವ ಹೆಚ್ಚುವರಿ ಸದ್ದು, ಕೇಳಿಸಿತು. ಮುಂಗಾಲನ್ನು ಮುಂದಕ್ಕೆ ಎಳೆದು ಸ್ಟೆತೊಸ್ಕೋಪನ್ನು ಕಂಕುಳಿನ ಒಳಗೆ, ಮೇಲಕ್ಕೆ ಸರಿಸಿದಾಗ ಚಿತ್ರವೇ ಬದಲಾಯಿತು. ಅಲ್ಲಿ ‘ಲಬ್’ ಮತ್ತು ‘ಡಬ್’ ನಡುವೆ ಬಿಡುವೇ ಇರಲಿಲ್ಲ. ಸದ್ದು ಏರುತ್ತಾ ಎರಡನೆಯ ಬಡಿತದ ಹೊತ್ತಿಗೆ ತಾರಕಕ್ಕೆ ಮುಟ್ಟಿ, ಇಳಿಯುತ್ತಾ ನಿಲ್ಲದೇ ಮತ್ತೆ ಏರುತ್ತಿತ್ತು. ಪಠ್ಯಪುಸ್ತಕಗಳು ಇದನ್ನು ಯಂತ್ರದ ಮರ್ಮರ ಎನ್ನುತ್ತವೆ. ಮನೆಯ ಯಜಮಾನರ ಕಿವಿಗೂ ಸ್ಟೆತೊಸ್ಕೋಪ್ ಕೊಟ್ಟೆ. ಅವರು ಸ್ವಲ್ಪ ಹೊತ್ತು ಕೇಳಿ, “ಡಾಕ್ಟರ್ ಸಾಹೇಬರೇ, ಜಿನ್ನಿಂಗ್ ಮಿಲ್ಲಿನ ಗೋಡೆಗೆ ಕಿವಿ ಇಟ್ಟ ಹಾಗಿದೆ” ಎಂದರು. ನಾನು ಓದಿದ ಯಾವ ವರ್ಣನೆಗಿಂತಲೂ ಅದು ನಿಖರವಾಗಿತ್ತು.

ಅದೇ ಜಾಗದಲ್ಲಿ ಎರಡು ಬೆರಳಿಟ್ಟರೆ ಎದೆಗೂಡು ಸಣ್ಣಗೆ ನಡುಗುವುದು ತಿಳಿಯುತ್ತಿತ್ತು. ಹಾಗೆ ಕೈಗೂ ಸಿಗುವ ಮರ್ಮರವನ್ನು ಆರರ ಅಳತೆಯಲ್ಲಿ ಐದನೆಯ ದರ್ಜೆ ಎಂದು ಗುರುತಿಸುತ್ತೇವೆ. ತೊಡೆಯ ಒಳಭಾಗದ ನಾಡಿ ಪ್ರತಿ ಬಡಿತಕ್ಕೂ ಬೆರಳನ್ನು ಎತ್ತಿ ಒಗೆಯುವಷ್ಟು ಜೋರಾಗಿ ಹಾರಿ, ಮರುಕ್ಷಣವೇ ಕುಸಿಯುತ್ತಿತ್ತು. ಒಸಡು ಗುಲಾಬಿ ಬಣ್ಣದ್ದು. ಯೋನಿಯ ಒಳಪದರವೂ ಅಷ್ಟೇ ಗುಲಾಬಿ. ಈ ಎರಡನೆಯದನ್ನು ನೋಡಿದ್ದೇಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಮರಿಗಳಲ್ಲಿ ಕೇಳುವ ಮರ್ಮರವೆಲ್ಲ ಕಾಯಿಲೆಯಲ್ಲ. ಬೆಳೆಯುವ ಮರಿಗಳಲ್ಲಿ ಮೃದುವಾದ, ಒಂದೆರಡು ದರ್ಜೆಯ, ಬಡಿತದ ಮೊದಲ ಭಾಗದಲ್ಲಷ್ಟೇ ಕೇಳುವ ಸದ್ದು ಇರಬಹುದು. ನಾಲ್ಕೈದು ತಿಂಗಳಲ್ಲಿ ಅದು ತಾನಾಗಿ ಮಾಯವಾಗುತ್ತದೆ. ಕೊಕ್ಕೆಹುಳು, ಉಣ್ಣೆಗಳಿಂದ ರಕ್ತ ಕಡಿಮೆಯಾದ ಮರಿಗಳಲ್ಲೂ ಇಂಥ ಸದ್ದು ಬರುತ್ತದೆ, ರಕ್ತ ಸುಧಾರಿಸಿದಂತೆ ಹೋಗುತ್ತದೆ. ಶ್ವಾಸಕೋಶದ ಅಪಧಮನಿಯ ಕವಾಟ ಕಿರಿದಾಗಿದ್ದರೂ, ಮಹಾಪಧಮನಿಯ ಕವಾಟದ ಕೆಳಗೆ ಉಂಗುರದಂತೆ ಕಟ್ಟಿಕೊಂಡಿದ್ದರೂ ಸದ್ದು ಜೋರಾಗಿರುತ್ತದೆ, ಆದರೆ ಅವೆರಡರಲ್ಲೂ ಬಡಿತದ ನಂತರ ಬಿಡುವು ಸಿಗುತ್ತದೆ. ಮೊದಲನೆಯದನ್ನು ಬುಲ್‌ಡಾಗ್, ಬೀಗಲ್‌ಗಳಲ್ಲಿ, ಎರಡನೆಯದನ್ನು ಗೋಲ್ಡನ್ ರಿಟ್ರೀವರ್, ರಾಟ್‌ವೀಲರ್, ಬಾಕ್ಸರ್‌ಗಳಲ್ಲಿ ಹೆಚ್ಚಾಗಿ ಕಾಣುತ್ತೇವೆ. ಕೆಳಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರವಿದ್ದರೆ ಸದ್ದು ಬಲ ಎದೆಯಲ್ಲಿ ಜೋರು. ಎಡಗಂಕುಳಿನಲ್ಲಿ ಬಿಡುವಿಲ್ಲದೇ ಕೇಳುವ ಸದ್ದು, ಜೊತೆಗೆ ಹಾರುವ ನಾಡಿ, ಮೇಲಾಗಿ ಹೆಣ್ಣು ಪೊಮೆರೇನಿಯನ್: ಇವು ಕೂಡಿದರೆ ಮೊದಲ ಸ್ಥಾನದಲ್ಲಿ ಬರುವ ರೋಗ ಒಂದೇ. ಪೇಟೆಂಟ್ ಡಕ್ಟಸ್ ಆರ್ಟೀರಿಯೋಸಸ್, ನಾವು ಪಿಡಿಎ ಎನ್ನುವುದು, ಅಂದರೆ ಹುಟ್ಟಿದ ಮೇಲೆ ಮುಚ್ಚಬೇಕಿದ್ದ ಡಕ್ಟಸ್ ಎಂಬ ನಾಳ ತೆರೆದೇ ಉಳಿಯುವುದು. ಪೂಡಲ್, ಮಾಲ್ಟೀಸ್, ಪೊಮೆರೇನಿಯನ್, ಜರ್ಮನ್ ಶೆಫರ್ಡ್ ತಳಿಗಳಲ್ಲಿ ಇದು ಹೆಚ್ಚು. ಗಂಡಿಗಿಂತ ಹೆಣ್ಣುಮರಿಗಳಲ್ಲಿ ಹೆಚ್ಚು.

ಹುಟ್ಟು ಹೃದ್ರೋಗಗಳ ಪೈಕಿ ಪೂರ್ತಿ ವಾಸಿಮಾಡಲು ಸಾಧ್ಯವಿರುವುದು ಇದು. ಸಕಾಲದಲ್ಲಿ ಮುಚ್ಚಿದರೆ ನಾಯಿ ತನ್ನ ಆಯುಷ್ಯವನ್ನೆಲ್ಲ ಬಾಳುತ್ತದೆ. ಬಿಟ್ಟರೆ ಪತ್ತೆಯಾದ ಒಂದು ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ನಾಯಿಗಳು ಸಾಯುತ್ತವೆ. ಇಷ್ಟು ದೊಡ್ಡ ಅಂತರವನ್ನು ಕಂಕುಳಿಗೆ ಸ್ಟೆತೊಸ್ಕೋಪ್ ಇಡುವ ಅರೆ ನಿಮಿಷ ನಿರ್ಧರಿಸುತ್ತದೆ. ಲಸಿಕೆಗೆ ಬರುವ ಪ್ರತಿಯೊಂದು ಮರಿಯ ಮುಂಗಾಲನ್ನು ಎಳೆದು ಆಲಿಸಿರೆಂದು ನನ್ನ ಕಿರಿಯ ಸಹೋದ್ಯೋಗಿಗಳಿಗೆ ನಾನು ಬೇಸರವಿಲ್ಲದೆ ಹೇಳುತ್ತಲೇ ಇರುತ್ತೇನೆ. ಮೊಣಕೈಯ ಹಿಂದೆ ಮಾತ್ರ ಕೇಳಿ ಬಿಟ್ಟರೆ ಈ ರೋಗ ಕೈತಪ್ಪುತ್ತದೆ, ಇಲ್ಲವೇ ಹೃದಯದ ಎಡ ಮೇಲ್ಕೋಣೆ, ಕೆಳಕೋಣೆಗಳ ನಡುವಿನ ಮೈಟ್ರಲ್ ಕವಾಟದ ಸೋರಿಕೆ ಎಂದು ಬರೆಯಲ್ಪಡುತ್ತದೆ.

ಒಳಗೆ ನಡೆಯುತ್ತಿದ್ದುದು

ಗರ್ಭದಲ್ಲಿರುವ ಮರಿ ತನ್ನ ಶ್ವಾಸಕೋಶದಿಂದ ಉಸಿರಾಡುವುದಿಲ್ಲ. ಹಾಗಾಗಿ ಅಲ್ಲಿಗೆ ಹೆಚ್ಚು ರಕ್ತ ಹೋಗಬೇಕಾಗಿಲ್ಲ. ಶ್ವಾಸಕೋಶದ ಅಪಧಮನಿಯಿಂದ ನೇರವಾಗಿ ಮಹಾಪಧಮನಿಗೆ ರಕ್ತ ಸಾಗಿಸುವ ಗಿಡ್ಡ ನಾಳವೇ ಡಕ್ಟಸ್. ಹುಟ್ಟಿದ ಮರಿ ಮೊದಲ ಉಸಿರು ಎಳೆದಾಗ ರಕ್ತದಲ್ಲಿ ಆಮ್ಲಜನಕ ಏರುತ್ತದೆ, ಗರ್ಭದಲ್ಲಿ ನಾಳವನ್ನು ತೆರೆದಿಟ್ಟಿದ್ದ ಪ್ರೊಸ್ಟಗ್ಲಾಂಡಿನ್ ಇಳಿಯುತ್ತದೆ, ಆಗ ನಾಳದ ಗೋಡೆಯ ಸ್ನಾಯು ಬಿಗಿದು ಕೆಲವೇ ದಿನಗಳಲ್ಲಿ ಅದು ಮುಚ್ಚಿಕೊಳ್ಳುತ್ತದೆ. ಪಿಡಿಎ ಇರುವ ಮರಿಗಳಲ್ಲಿ ಆ ಗೋಡೆಯಲ್ಲಿ ಸ್ನಾಯುವೇ ಸಾಲದು. ಅದರ ಜಾಗದಲ್ಲಿ ಮಹಾಪಧಮನಿಯ ಗೋಡೆಯಂತೆ ಹಿಗ್ಗುವ ನಾರು ತುಂಬಿರುತ್ತದೆ. ಬಿಗಿಯುವ ಸ್ನಾಯುವಿಲ್ಲದ ನಾಳ ತೆರೆದೇ ಉಳಿಯುತ್ತದೆ.

ಹುಟ್ಟಿದ ಮೇಲೆ ಒತ್ತಡ ತಿರುಗಾಮುರುಗಾ ಆಗುತ್ತದೆ. ಮಹಾಪಧಮನಿಯಲ್ಲಿ ಒತ್ತಡ ಹೆಚ್ಚು, ಶ್ವಾಸಕೋಶದ ಕಡೆ ಕಡಿಮೆ. ಆದ್ದರಿಂದ ಮೈಗೆ ಹೊರಟ ಒಳ್ಳೆಯ ರಕ್ತದ ಒಂದು ಪಾಲು ಬಡಿತದ ಹೊತ್ತಿನಲ್ಲೂ ಬಿಡುವಿನ ಹೊತ್ತಿನಲ್ಲೂ ನಾಳದ ಮೂಲಕ ಮತ್ತೆ ಶ್ವಾಸಕೋಶಕ್ಕೇ ನುಗ್ಗುತ್ತದೆ. ಸದ್ದಿಗೆ ಬಿಡುವಿಲ್ಲದಿರುವುದು ಇದಕ್ಕೇ. ಬಿಡುವಿನಲ್ಲೂ ರಕ್ತ ಸೋರಿಹೋಗುವುದರಿಂದ ಕೆಳಗಿನ ಒತ್ತಡ ಕುಸಿದು ನಾಡಿ ಹಾರುತ್ತದೆ. ನಾಳದಲ್ಲಿ ಹೋದ ರಕ್ತವೆಲ್ಲ ಶ್ವಾಸಕೋಶ ಸುತ್ತಿ ಎಡ ಮೇಲ್ಕೋಣೆಗೂ ಎಡ ಕೆಳಕೋಣೆಗೂ ಮರಳುತ್ತದೆ. ಅವೆರಡೂ ಹಿಗ್ಗುತ್ತಾ ಹೋಗಿ, ಕೊನೆಗೆ ಭಾರ ತಾಳದೆ ಶ್ವಾಸಕೋಶದಲ್ಲಿ ನೀರು ಕಟ್ಟುತ್ತದೆ. ಚಿನ್ನಿಯ ರಾತ್ರಿಯ ಕೆಮ್ಮಿಗೂ ಮೈ ಹಿಡಿಯದಿರುವುದಕ್ಕೂ ಕಾರಣ ಇದೇ.

ಎಕ್ಸ್-ರೇ, ಇಸಿಜಿ, ಎಕೋ

ಎಕ್ಸ್-ರೇ ರಾಯಚೂರಿನಲ್ಲೇ ಆಯಿತು. ಬೆನ್ನುಮೂಳೆಯ ಕೊಂಡಿಗಳಿಂದ ಹೃದಯವನ್ನು ಅಳೆಯುವ ಕ್ರಮದಲ್ಲಿ ಸಾಮಾನ್ಯ ನಾಯಿಗೆ 8.7ರಿಂದ 10.7 ಇರಬೇಕಾದ ಅಳತೆ ಇಲ್ಲಿ 12 ಬಂತು. ಮೇಲಿನಿಂದ ತೆಗೆದ ಚಿತ್ರದಲ್ಲಿ ಹೃದಯದ ಎಡ ಅಂಚಿನಲ್ಲಿ ಮೂರು ಉಬ್ಬುಗಳು ಸಾಲಾಗಿ ಕಂಡವು: ಮಹಾಪಧಮನಿ, ಶ್ವಾಸಕೋಶದ ಅಪಧಮನಿ, ಎಡ ಮೇಲ್ಕೋಣೆಯ ಕಿವಿ. ಮೂರೂ ಒಟ್ಟಿಗೆ ಎಲ್ಲ ನಾಯಿಗಳಲ್ಲೂ ಸಿಗುವುದಿಲ್ಲ, ಸಿಕ್ಕಾಗ ಸಂಶಯಕ್ಕೆ ಎಡೆಯೂ ಇರುವುದಿಲ್ಲ. ಶ್ವಾಸಕೋಶದ ರಕ್ತನಾಳಗಳು ದಪ್ಪಗಿದ್ದವು, ಹಿಂಭಾಗದಲ್ಲಿ ತೆಳುವಾದ ಮಸುಕಿತ್ತು. ಇಸಿಜಿಯಲ್ಲಿ ಎರಡನೆಯ ಲೀಡಿನ ಆರ್ ಅಲೆಯ ಎತ್ತರ 4.2 ಮಿಲಿವೋಲ್ಟ್. ಸಣ್ಣ ನಾಯಿಗೆ ಎರಡೂವರೆ ದಾಟಬಾರದು. ಲಯ ಸರಿಯಾಗಿತ್ತು.

ಎಕೋಗೆ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆಗೆ, ಹೈದರಾಬಾದಿಗೆ ಹೋಗಬೇಕಾಯಿತು. ಅದಕ್ಕೆ ಮುಂಚೆ ಶ್ವಾಸಕೋಶದ ನೀರನ್ನು ಇಳಿಸಬೇಕಿತ್ತು. ಮೂತ್ರ ಹೆಚ್ಚಿಸಿ ನೀರನ್ನು ಹೊರಹಾಕುವ ಫ್ಯುರೋಸೆಮೈಡ್ ಕಿಲೋಗೆ 2 ಮಿಲಿಗ್ರಾಂನಂತೆ ದಿನಕ್ಕೆರಡು ಸಲ. ನಮ್ಮ ಔಷಧ ಅಂಗಡಿಗಳಲ್ಲಿ ಸಿಗುವ 40 ಮಿಲಿಗ್ರಾಂ ಮಾತ್ರೆಯನ್ನು 1.8 ಕಿಲೋದ ಮರಿಗೆ ಒಡೆದು ಕೊಡುವುದು ಅಪಾಯದ ಕೆಲಸ. ಮಿಲಿಲೀಟರಿಗೆ 10 ಮಿಲಿಗ್ರಾಂ ಇರುವ ದ್ರಾವಣ ತರಿಸಿ, ಸೂಜಿ ತೆಗೆದ ಒಂದು ಮಿಲಿಯ ಸಿರಿಂಜಿನಲ್ಲಿ 0.36ರ ಗೆರೆಗೆ ಪೆನ್ನಿನಿಂದ ಗುರುತು ಹಾಕಿಕೊಟ್ಟೆ. ಹೃದಯದ ಸಂಕೋಚನಕ್ಕೆ ಬಲ ಕೊಡುವ ಪಿಮೊಬೆಂಡಾನ್ ಕಿಲೋಗೆ 0.25 ಮಿಲಿಗ್ರಾಂನಂತೆ, ಊಟಕ್ಕೆ ಒಂದು ಗಂಟೆ ಮೊದಲು, ದಿನಕ್ಕೆರಡು ಸಲ. ಬೇಸಿಗೆಯಲ್ಲಿ ಮೂತ್ರ ಹೆಚ್ಚಿಸುವ ಔಷಧ ಕೊಡುವಾಗ ಒಂದು ಮಾತನ್ನು ಒತ್ತಿ ಹೇಳಬೇಕಾಗುತ್ತದೆ. ಮರಿ ಪದೇ ಪದೇ ಮೂತ್ರ ಮಾಡುತ್ತದೆಂದು ಕೆಲವರು ನೀರಿನ ಬಟ್ಟಲನ್ನೇ ಎತ್ತಿಟ್ಟುಬಿಡುತ್ತಾರೆ. ಹಾಗೆ ಮಾಡಿದರೆ ರಾಯಚೂರಿನ ಬಿಸಿಲಿನಲ್ಲಿ ಮೂತ್ರಪಿಂಡ ಒಂದೇ ದಿನದಲ್ಲಿ ಕೈಕೊಡಬಹುದು. ನೀರು ಸದಾ ಎದುರಿಗಿರಬೇಕು.

ಕೆಲವು ದಿನಗಳಲ್ಲಿ ನಿದ್ದೆಯ ಉಸಿರು ಇಪ್ಪತ್ತೆಂಟಕ್ಕೆ ಇಳಿಯಿತು. ಮಗಳು ನಸುಕಿನಲ್ಲೇ ಎದ್ದು ಎಣಿಸಿ ಕ್ಯಾಲೆಂಡರಿನ ಚೌಕಗಳಲ್ಲಿ ಬರೆದಿಟ್ಟಿದ್ದಳು. ಆ ಕಾಗದ ನನಗೆ ಯಾವ ಪ್ರಯೋಗಾಲಯದ ವರದಿಗಿಂತಲೂ ಉಪಯುಕ್ತವಾಯಿತು. ಬೆಳಗಿನ ಜಾವ ಕಾರಿನಲ್ಲಿ ಹೊರಟು, ಶಕ್ತಿನಗರದ ಬಳಿ ಕೃಷ್ಣೆಯನ್ನು ದಾಟಿ, ಮಕ್ತಲ್, ಮೆಹಬೂಬ್‌ನಗರದ ದಾರಿಯಲ್ಲಿ ಬಿಸಿಲೇರುವ ಮುನ್ನ ಅವರು ಹೈದರಾಬಾದ್ ಸೇರಿದರು.

ಎಕೋದಲ್ಲಿ ಡಕ್ಟಸ್ ಸ್ಪಷ್ಟವಾಗಿ ಕಂಡಿತು. ಶ್ವಾಸಕೋಶದ ಅಪಧಮನಿಯ ಕಡೆಯ ಕಿರಿದಾದ ಬಾಯಿ 2.6 ಮಿಲಿಮೀಟರ್. ಡಾಪ್ಲರಿನಲ್ಲಿ ರಕ್ತ ನುಗ್ಗುವ ವೇಗ ಸೆಕೆಂಡಿಗೆ 4.8 ಮೀಟರ್. ಈ ಅಂಕಿಯೇ ಮುಂದಿನ ದಾರಿಯನ್ನು ತೀರ್ಮಾನಿಸಿತು. ವೇಗದ ವರ್ಗವನ್ನು ನಾಲ್ಕರಿಂದ ಗುಣಿಸಿದರೆ ಎರಡು ಕಡೆಯ ಒತ್ತಡದ ಅಂತರ ಸಿಗುತ್ತದೆ: ಸುಮಾರು 92 ಮಿಲಿಮೀಟರ್ ಪಾದರಸ. ಮರಿಯ ರಕ್ತದೊತ್ತಡದ ಮೇಲಿನ ಅಂಕಿ 120 ಇತ್ತು. ಕಳೆದರೆ ಶ್ವಾಸಕೋಶದ ಅಪಧಮನಿಯಲ್ಲಿ ಉಳಿಯುವುದು 28. ಅಂದರೆ ಶ್ವಾಸಕೋಶದ ಒತ್ತಡ ಹೆಚ್ಚೇನೂ ಏರಿಲ್ಲ, ರಕ್ತ ಎಡದಿಂದ ಬಲಕ್ಕೇ ಹರಿಯುತ್ತಿದೆ, ನಾಳವನ್ನು ಧೈರ್ಯವಾಗಿ ಮುಚ್ಚಬಹುದು.

ಧೈರ್ಯವಾಗಿ ಎಂದದ್ದಕ್ಕೆ ಕಾರಣವಿದೆ. ಕೆಲವು ನಾಯಿಗಳಲ್ಲಿ ಶ್ವಾಸಕೋಶದ ಒತ್ತಡ ಏರಿ ಮಹಾಪಧಮನಿಯ ಒತ್ತಡವನ್ನೇ ಮೀರಿಸುತ್ತದೆ, ಹರಿವು ಹಿಂದುಮುಂದಾಗುತ್ತದೆ. ಆಗ ಆಮ್ಲಜನಕವಿಲ್ಲದ ರಕ್ತ ಹಿಂಭಾಗಕ್ಕೆ ಹೋಗುತ್ತದೆ. ತಲೆಗೆ ಹೋಗುವ ರಕ್ತನಾಳಗಳು ಡಕ್ಟಸ್‌ಗಿಂತ ಮೊದಲೇ ಕವಲೊಡೆಯುವುದರಿಂದ ಒಸಡು ಗುಲಾಬಿಯಾಗಿಯೇ ಇದ್ದು, ಯೋನಿಯ ಅಥವಾ ಶಿಶ್ನದ ಒಳಪದರ ಮಾತ್ರ ನೀಲಿಗಟ್ಟುತ್ತದೆ. ಹಿಂಗಾಲುಗಳು ಸೋಲುತ್ತವೆ, ರಕ್ತದಲ್ಲಿ ಕೆಂಪು ಕಣಗಳ ಪಾಲು ಏರಿ ಅದು ಮಂದವಾಗುತ್ತದೆ, ವಿಚಿತ್ರವೆಂದರೆ ಮರ್ಮರ ಪೂರ್ತಿ ನಿಂತುಹೋಗಬಹುದು. ಅಂಥ ನಾಯಿಯಲ್ಲಿ ನಾಳ ಮುಚ್ಚಿದರೆ ಬಲ ಹೃದಯಕ್ಕೆ ಒತ್ತಡ ಬಿಡುಗಡೆಯ ದಾರಿಯೇ ಇಲ್ಲದೆ ನಾಯಿ ಸಾಯುತ್ತದೆ. ಲಸಿಕೆಯ ದಿನ ಬಾಲದಡಿಯ ಬಣ್ಣವನ್ನೂ ನೋಡಿದ್ದು ಇದಕ್ಕಾಗಿ. ಚಿನ್ನಿಯ ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇಕಡಾ 36 ಇತ್ತು, ಅದೂ ನಿರಾಳವಾದ ಅಂಕಿಯೇ.

ತೀರ್ಮಾನ

ಮನೆಯವರ ಮೊದಲ ಪ್ರಶ್ನೆ ನಿರೀಕ್ಷಿತವೇ ಆಗಿತ್ತು. “ಮಾತ್ರೆಯಲ್ಲೇ ವಾಸಿಯಾಗುವುದಿಲ್ಲವೇ, ಸಾಹೇಬರೇ? ನಮ್ಮ ತಂಗಿಯ ಕೂಸು ತಿಂಗಳು ತುಂಬುವ ಮೊದಲೇ ಹುಟ್ಟಿತ್ತು, ಅದಕ್ಕೂ ಇದೇ ತೊಂದರೆ ಎಂದು ಔಷಧದಲ್ಲೇ ಗುಣಮಾಡಿದರು.” ಅವರ ಮಾತು ನಿಜ. ಅವಧಿಗೆ ಮುಂಚೆ ಹುಟ್ಟಿದ ಶಿಶುಗಳಲ್ಲಿ ಇಂಡೊಮೆಥಾಸಿನ್‌ನಂಥ ಔಷಧ ಕೆಲಸ ಮಾಡುತ್ತದೆ, ಏಕೆಂದರೆ ಅವುಗಳ ನಾಳದಲ್ಲಿ ಸ್ನಾಯು ಇರುತ್ತದೆ, ಬಿಗಿಯಲು ಕಾಯುತ್ತಿರುತ್ತದೆ. ನಾಯಿಮರಿಯಲ್ಲಿ ಸಾಕಷ್ಟು ಸ್ನಾಯುವೇ ಇಲ್ಲದ ಮೇಲೆ ಔಷಧ ಬಿಗಿಯಿಸುವುದಾದರೂ ಏನನ್ನು?

ಉಳಿದದ್ದು ಎರಡು ದಾರಿ. ತೊಡೆಯ ಅಪಧಮನಿಯ ಮೂಲಕ ಕೊಳವೆ ತೂರಿಸಿ, ನಿಟಿನಾಲ್ ಎಂಬ ಮಿಶ್ರಲೋಹದ ತಂತಿಯ ಹೆಣಿಗೆಯ ಚಿಕ್ಕ ಮುಚ್ಚಳವನ್ನು ಡಕ್ಟಸ್‌ನಲ್ಲಿ ಕೂರಿಸುವುದು ಒಂದು. ನಾಯಿಯ ಡಕ್ಟಸ್‌ನ ಆಕಾರಕ್ಕೆಂದೇ ರೂಪಿಸಿದ ಇಂಥ ಮುಚ್ಚಳಗಳು 2000ರ ದಶಕದಲ್ಲಿ ಬಂದವು. ಎದೆ ತೆರೆಯಬೇಕಾಗಿಲ್ಲ, ನಾಯಿ ಬೇಗ ಚೇತರಿಸಿಕೊಳ್ಳುತ್ತದೆ. ಆದರೆ ಎರಡೂವರೆ ಮೂರು ಕಿಲೋಗಿಂತ ಹಗುರವಾದ ಮರಿಯ ತೊಡೆಯ ಅಪಧಮನಿಯಲ್ಲಿ ಆ ಕೊಳವೆ ಹಿಡಿಯುವುದು ಕಷ್ಟ. ತೂಕ ಏರಲೆಂದು ಕಾಯೋಣವೆಂದರೆ ಆಗಲೇ ಒಮ್ಮೆ ನೀರು ಕಟ್ಟಿದ ಹೃದಯ. ಇನ್ನೊಂದು ದಾರಿ ಎದೆ ತೆರೆದು ನಾಳವನ್ನು ದಾರದಿಂದ ಕಟ್ಟುವುದು. 1938ರಲ್ಲಿ ಬೋಸ್ಟನ್‌ನಲ್ಲಿ ರಾಬರ್ಟ್ ಗ್ರಾಸ್ ಒಬ್ಬ ಬಾಲಕಿಯಲ್ಲಿ ಮೊದಲ ಬಾರಿಗೆ ಯಶಸ್ವಿಯಾಗಿ ಮಾಡಿದ ಶಸ್ತ್ರಕ್ರಿಯೆಯ ತತ್ವವೇ ಇದು. ಚಿನ್ನಿಗೆ ಇದೇ ಸರಿಯೆಂದು ಹೈದರಾಬಾದಿನ ಶಸ್ತ್ರತಜ್ಞರೂ ನಾನೂ ಒಪ್ಪಿದೆವು.

ಖರ್ಚು ಯಜಮಾನರ ಎರಡು ಮೂರು ತಿಂಗಳ ಸಂಬಳದಷ್ಟಾಗುತ್ತಿತ್ತು. ಮೇಜಿನ ಮೇಲೆ ಸಾವಿನ ಸಾಧ್ಯತೆಯೂ ಇದೆ, ಅನುಭವಿಗಳ ಕೈಯಲ್ಲಿ ಅದು ಕಡಿಮೆ, ಆದರೆ ಸೊನ್ನೆಯಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದೆ. ಮಾಡಿಸದಿದ್ದರೆ ಔಷಧದಲ್ಲಿ ಎಷ್ಟು ದಿನ ನೂಕಬಹುದು, ಆ ದಿನಗಳು ಹೇಗಿರುತ್ತವೆ ಎಂಬುದನ್ನೂ ಹೇಳಿದೆ. ಇಂಥ ಹೊತ್ತಿನಲ್ಲಿ ವೈದ್ಯ ಯಾವ ಕಡೆಗೂ ತಳ್ಳಬಾರದೆಂಬುದು ನನ್ನ ನಿಲುವು. ಆದರೆ ಯಜಮಾನರ ತಾಯಿ ನೇರವಾಗಿ “ನಿಮ್ಮ ಮನೆಯದಾಗಿದ್ದರೆ ಏನು ಮಾಡುತ್ತಿದ್ದಿರಪ್ಪಾ?” ಎಂದು ಕೇಳಿದರು. “ಕಟ್ಟಿಸುತ್ತಿದ್ದೆ, ಅವ್ವಾ” ಎಂದೆ. ಕೇಳಿದ ಮೇಲೂ ಉತ್ತರ ಕೊಡದೆ ಜಾರಿಕೊಳ್ಳುವುದು ಸಲ್ಲದು.

ಶಸ್ತ್ರಕ್ರಿಯೆ

ಶಸ್ತ್ರತಜ್ಞರ ಅನುಮತಿ ಪಡೆದು ನಾನೂ ಒಳಗಿದ್ದೆ. ಇಷ್ಟು ಚಿಕ್ಕ ಮರಿಗೆ ಮೊದಲ ಶತ್ರುಗಳು ಚಳಿ ಮತ್ತು ಸಕ್ಕರೆಯ ಇಳಿತ. ಉಪವಾಸ ನಾಲ್ಕು ಗಂಟೆಗೆ ಮಿತಿಗೊಳಿಸಿದ್ದರು, ಅಡಿಯಲ್ಲಿ ಬೆಚ್ಚಗಿನ ಹಾಸು, ನಡುನಡುವೆ ಗ್ಲೂಕೋಸ್ ತಪಾಸಣೆ. ಹೊಂದಿಕೆಯಾಗುವ ದೊಡ್ಡ ನಾಯಿಯೊಂದರ ರಕ್ತವೂ ಸಿದ್ಧವಿತ್ತು.

ಮರಿಯನ್ನು ಬಲ ಮಗ್ಗುಲಿಗೆ ಮಲಗಿಸಿ ಎಡಗಡೆಯ ನಾಲ್ಕನೆಯ ಪಕ್ಕೆಲುಬಿನ ಸಂದಿನಲ್ಲಿ ಎದೆ ತೆರೆದರು. ಶ್ವಾಸಕೋಶದ ಮೇಲ್ತುದಿಯನ್ನು ಒದ್ದೆ ಬಟ್ಟೆಯಿಂದ ಹಿಂದಕ್ಕೆ ಸರಿಸಿದಾಗ ಬಿಳಿ ನೂಲಿನಂಥ ವೇಗಸ್ ನರ ಕಂಡಿತು. ಅದು ಡಕ್ಟಸ್‌ನ ಮೇಲೆಯೇ ಹಾದುಹೋಗುವುದರಿಂದ ನಾಳವನ್ನು ಹುಡುಕಲು ಅದೇ ಗುರುತು. ನರವನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟರು. ಅದರಡಿ ಡಕ್ಟಸ್, ಅಗಲವಾಗಿ, ಗಿಡ್ಡಗೆ, ನೋಡುತ್ತಿದ್ದಂತೆಯೇ ನಡುಗುತ್ತಿತ್ತು.

ಕಷ್ಟವಿರುವುದು ನಾಳದ ಆಚೆ ಮಗ್ಗುಲಿನಲ್ಲಿ. ನಾಳದ ಮುಂದಿನ, ಹಿಂದಿನ ಅಂಚುಗಳು ಕಣ್ಣಿಗೆ ಬೀಳುತ್ತವೆ, ಅದರ ಒಳಮಗ್ಗುಲು ಕಾಣುವುದಿಲ್ಲ. ಬಾಗಿದ ಮೂತಿಯ ಚಿಮಟಿಯನ್ನು ಕಾಣದ ಆ ಜಾಗದಲ್ಲಿ ಬರೀ ಕೈಯ ಅಂದಾಜಿನ ಮೇಲೆ ತೂರಿಸಿ, ಅರಳಿಸಿ, ಮತ್ತೆ ತೂರಿಸಬೇಕು. ಗೋಡೆ ಹರಿಯುವುದು ಇಲ್ಲೇ, ಹರಿದರೆ ಮಹಾಪಧಮನಿಯ ಒತ್ತಡದಲ್ಲಿ ರಕ್ತ ಚಿಮ್ಮುತ್ತದೆ. ಆ ಹೊತ್ತಿನಲ್ಲಿ ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ. ಚಿಮಟಿಯ ತುದಿ ಆಚೆ ಬದಿಯಲ್ಲಿ ಹೊರಬಂತು. ಎರಡು ರೇಷ್ಮೆ ದಾರಗಳನ್ನು ಹಿಡಿದು ಎಳೆದುಕೊಂಡರು.

ಮೊದಲು ಕಟ್ಟುವುದು ಮಹಾಪಧಮನಿಯ ಕಡೆಯದನ್ನು, ಅದೂ ಒಮ್ಮೆಲೇ ಅಲ್ಲ. ನಿಮಿಷಗಟ್ಟಲೆ ನಿಧಾನವಾಗಿ ಬಿಗಿಯುತ್ತಾ ಹೋದರು. ಸೋರುತ್ತಿದ್ದ ರಕ್ತ ಒಮ್ಮೆಗೇ ಮೈಗೆ ತಿರುಗಿದಾಗ ಒತ್ತಡ ಏರುತ್ತದೆ, ದೇಹ ಅದಕ್ಕೆ ಪ್ರತಿಯಾಗಿ ಹೃದಯದ ಬಡಿತವನ್ನು ತಗ್ಗಿಸುತ್ತದೆ. ಇದಕ್ಕೆ ಬ್ರಾನ್‌ಹ್ಯಾಂ ಪ್ರತಿಕ್ರಿಯೆ ಎಂದು ಹೆಸರು. ಪರದೆಯ ಮೇಲೆ ಬಡಿತ 138ರಿಂದ 96ಕ್ಕೆ ಇಳಿಯಿತು. ಬಡಿತ ಏರಿಸುವ ಅಟ್ರೊಪಿನ್ ತುಂಬಿದ ಸಿರಿಂಜ್ ಕೈಯಲ್ಲೇ ಇತ್ತು, ಬೇಕಾಗಲಿಲ್ಲ, ತಾನಾಗಿಯೇ ಮೇಲೆ ಬಂತು. ರಕ್ತದೊತ್ತಡದ ಕೆಳಗಿನ ಅಂಕಿ 44ರಿಂದ 66ಕ್ಕೆ ಏರಿತು. ಎರಡನೆಯ ಗಂಟೂ ಬಿತ್ತು. ಶಸ್ತ್ರತಜ್ಞರು ಶ್ವಾಸಕೋಶದ ಅಪಧಮನಿಯ ಮೇಲೆ ಬೆರಳಿಟ್ಟು, ನನಗೂ ಮುಟ್ಟಿ ನೋಡಲು ಹೇಳಿದರು. ನಡುಕ ನಿಂತಿತ್ತು.

ನಂತರ

ಪಕ್ಕೆಲುಬಿನ ನರಗಳಿಗೆ ಮರಗಟ್ಟಿಸುವ ಬುಪಿವಕೇನ್ ಕೊಟ್ಟಿದ್ದರಿಂದ ಮರಿ ನೋವಿಲ್ಲದೆ ಎದ್ದಿತು. ಎದೆಯಲ್ಲಿ ಉಳಿದ ಗಾಳಿಯನ್ನು ಕೊಳವೆಯಿಂದ ತೆಗೆದು, ಮರುದಿನ ಕೊಳವೆಯನ್ನೂ ತೆಗೆದರು. ಸಂಜೆಯ ಹೊತ್ತಿಗೆ ಬೇಯಿಸಿದ ಕೋಳಿ ತಿಂದಿತು.

ಹೊಲಿಗೆ ಬಿಚ್ಚಲು ರಾಯಚೂರಿಗೆ ಬಂದಾಗ ಕಂಕುಳಿನಲ್ಲಿ ಯಂತ್ರದ ಸದ್ದು ಇರಲಿಲ್ಲ. ಕೆಳಗೆ, ಹೃದಯದ ತುದಿಯಲ್ಲಿ, ಎರಡನೆಯ ದರ್ಜೆಯ ಮೃದುವಾದ ಮರ್ಮರ ಉಳಿದಿತ್ತು. ಮನೆಯವರು ಗಾಬರಿಯಾದರು. ಹಿಗ್ಗಿದ ಕೆಳಕೋಣೆ ಮೈಟ್ರಲ್ ಕವಾಟದ ಉಂಗುರವನ್ನೂ ಹಿಗ್ಗಿಸಿರುತ್ತದೆ, ಹೃದಯ ಕುಗ್ಗಿದಂತೆ ಅದೂ ಕೂಡಿಕೊಳ್ಳುತ್ತದೆ ಎಂದು ವಿವರಿಸಿದೆ. ಫ್ಯುರೋಸೆಮೈಡನ್ನು ಹಂತಹಂತವಾಗಿ ನಿಲ್ಲಿಸಿದೆವು, ಪಿಮೊಬೆಂಡಾನ್ ಮಳೆಗಾಲದವರೆಗೆ ಮುಂದುವರಿಯಿತು. ಮೂರು ತಿಂಗಳ ನಂತರದ ಎಕೋದಲ್ಲಿ ಡಕ್ಟಸ್‌ನಲ್ಲಿ ಹರಿವಿಲ್ಲ, ಎಡ ಕೆಳಕೋಣೆ ಸಾಮಾನ್ಯ ಅಳತೆಗೆ ಹತ್ತಿರ. ಎಕ್ಸ್-ರೇ ಅಳತೆ 10.4. ತೂಕ 2.9 ಕಿಲೋ. ಈಗ ಯಾವ ಔಷಧವೂ ಇಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಪಟ್ಟು ಹಿಡಿದೆ: ಚಿನ್ನಿ ಮರಿ ಹಾಕಬಾರದು. ಪಿಡಿಎ ವಂಶದಲ್ಲಿ ಹರಿಯುವ ರೋಗ. ಒಂದೇ ಜೀನಿನಿಂದಲ್ಲ, ಹಲವು ಜೀನುಗಳು ಕೂಡಿ ಬರುವಂಥದ್ದು. ಕೆಲವು ನಾಯಿಗಳಲ್ಲಿ ನಾಳ ಅರ್ಧ ಮುಚ್ಚಿ, ಮಹಾಪಧಮನಿಯ ಕಡೆ ಕುರುಡು ಚೀಲದಂತೆ ಉಳಿಯುತ್ತದೆ. ಅದರಲ್ಲಿ ರಕ್ತ ದಾಟುವುದಿಲ್ಲ, ಸದ್ದೂ ಇಲ್ಲ, ನಾಯಿ ಜೀವನಪೂರ್ತಿ ಆರೋಗ್ಯವಾಗಿಯೇ ಇರುತ್ತದೆ, ಆದರೆ ಮರಿಗಳಿಗೆ ದೋಷವನ್ನು ದಾಟಿಸುತ್ತದೆ. ಆದ್ದರಿಂದಲೇ ತಾಯಿನಾಯಿಯ ಎದೆ ಶುದ್ಧವಾಗಿದೆ ಎಂಬ ಮಾತಿಗೆ ತಳಿ ಬೆಳೆಸುವಾಗ ಬೆಲೆಯಿಲ್ಲ. ಹೃದಯ ಸುಧಾರಿಸಿದ ಮೇಲೆ ಚಿನ್ನಿಗೆ ಸಂತಾನಹರಣ ಶಸ್ತ್ರಕ್ರಿಯೆ ಮಾಡಿದೆ.

ಮರಿಯನ್ನು ಮಾರಿದವರಿಗೆ ಯಜಮಾನರೇ ಫೋನ್ ಮಾಡಿ ವಿಷಯ ತಿಳಿಸಿದರು. ಅದೇ ತಾಯಿ, ಅದೇ ಗಂಡಿನ ಜೋಡಿಯನ್ನು ಮತ್ತೆ ಕೂಡಿಸುವ ಯೋಚನೆ ಅವರಿಗಿತ್ತು. ನಾನೂ ಮಾತನಾಡಿ, ಆ ಜೋಡಿಯನ್ನು ನಿಲ್ಲಿಸುವಂತೆ ಕೇಳಿಕೊಂಡೆ. ಎರಡು ದಿನ ಯೋಚಿಸಿ ಒಪ್ಪಿದರು. ಅದೇ ಸೂಲಿನ ಉಳಿದ ಮರಿಗಳು ಎಲ್ಲಿವೆ ಎಂದೂ ಹೇಳಿದರು. ಮಾನ್ವಿಯಲ್ಲಿದ್ದ ಗಂಡುಮರಿಯ ಎದೆ ಸ್ವಚ್ಛವಾಗಿತ್ತು. ಸಿಂಧನೂರಿನ ಹೆಣ್ಣುಮರಿಯ ಎಡಗಂಕುಳಿನಲ್ಲಿ ಮೂರನೆಯ ದರ್ಜೆಯ, ಬಿಡುವಿಲ್ಲದ ಮರ್ಮರ ಸಿಕ್ಕಿತು. ಅದಕ್ಕೆ ಇನ್ನೂ ಕೆಮ್ಮಿಲ್ಲ, ತೇಕಿಲ್ಲ, ತೂಕ ಮೂರು ಕಿಲೋ ದಾಟಿದೆ. ಮುಚ್ಚಳ ಕೂರಿಸಲು ಸಾಧ್ಯವೇ ಎಂದು ನೋಡಲು ಅದರ ಎಕೋಗೆ ದಿನ ಗೊತ್ತುಮಾಡಿದ್ದೇವೆ.